ತೆರೆಯ ಮೇಲಿನ ಧಾರಣಿ, ಮುಷ್ಟಿಯೊಳಗಿನ ಹತ್ತಿ

ಹತ್ತಿ ಬಿಡಿಸುವ ಕಾಲ ಬಂತೆಂದರೆ ರಾಯಚೂರು ಜಿಲ್ಲೆಯ ಅರಕೇರಾ ಸೀಮೆಯ ಹೊಲಗಳಲ್ಲಿ ಹೊತ್ತು ಮೂಡುವಷ್ಟರಲ್ಲಿ ಹೆಣ್ಣುಮಕ್ಕಳ ಗುಂಪು ಇಳಿದಿರುತ್ತದೆ. ಕೂಲಿ ಕಿಲೋ ಲೆಕ್ಕದ್ದು. ಬಿಸಿಲೇರುವ ಮುಂಚೆ ಬಿಡಿಸಿದ ಹತ್ತಿಯಲ್ಲಿ ಇಬ್ಬನಿ ಕೂತಿರುತ್ತದೆ. ಅದನ್ನು ಅಂಗಳದಲ್ಲಿ ಹರವಿ ಒಣಗಿಸಿದರೆ ತೂಕ ಇಳಿಯುತ್ತದೆ, ಹಾಗೇ ಚೀಲಕ್ಕೆ ತುಂಬಿದರೆ ಧಾರಣಿ ಇಳಿಯುತ್ತದೆ. ಎರಡರಲ್ಲಿ ಯಾವುದರಿಂದ ಎಷ್ಟು ನಷ್ಟ ಎಂಬ ಲೆಕ್ಕ ಮಾತ್ರ ಬೆಳೆದವರ ಕೈಯಲ್ಲಿಲ್ಲ.

ಆ ಲೆಕ್ಕ ಆಗುವುದು ರಾಯಚೂರಿನ ರಾಜೇಂದ್ರ ಗಂಜಿನಲ್ಲಿ. ಟ್ರ್ಯಾಕ್ಟರಿನಿಂದಲೋ ಟಾಟಾ ಏಸ್‌ನಿಂದಲೋ ಇಳಿಸಿದ ಚೀಲದೊಳಗೆ ಖರೀದಿದಾರ ಕೈ ಹಾಕಿ ಒಂದು ಹಿಡಿ ಹತ್ತಿ ತೆಗೆಯುತ್ತಾನೆ. ಮುಷ್ಟಿಯಲ್ಲಿ ಬಿಗಿಯಾಗಿ ಹಿಸುಕಿ ಕೈ ತೆರೆಯುತ್ತಾನೆ. ಹತ್ತಿ ಮತ್ತೆ ಅರಳಿತೋ, ಮುದ್ದೆಯಾಗಿಯೇ ಉಳಿಯಿತೋ ನೋಡುತ್ತಾನೆ. ಎರಡೂ ಕೈಯ ಬೆರಳ ತುದಿಯಲ್ಲಿ ಹಿಡಿದು ಜಗ್ಗಿ, ಎಳೆಯ ಉದ್ದವನ್ನು ಅಂದಾಜು ಮಾಡುತ್ತಾನೆ. "ಹಸಿ ಐತಿ" ಎಂಬ ಎರಡು ಪದ ಅವನ ಬಾಯಿಂದ ಬಂದರೆ ಕ್ವಿಂಟಲಿಗೆ ಇಷ್ಟು ಎಂದು ಇಳಿದುಹೋಗುತ್ತದೆ. ವರ್ಷದ ದುಡಿಮೆಯ ಬೆಲೆ ತೀರ್ಮಾನವಾಗಲು ಹಿಡಿದ ಸಮಯ ಒಂದು ನಿಮಿಷಕ್ಕೂ ಕಡಿಮೆ.

ವ್ಯಾಪಾರಕ್ಕೆ ಕಂಪ್ಯೂಟರು, ಫೋನು, ಜಾಲ, ಈಗ ಕೃತಕ ಬುದ್ಧಿಮತ್ತೆ ಬಂದಾಗ ಯಾರಿಗೆ ಎಷ್ಟು ಲಾಭವಾಯಿತು, ಏಕೆ ಆಯಿತು, ಏಕೆ ಆಗಲಿಲ್ಲ ಎಂದು ಕೇಳುವ ಒಂದು ವಿದ್ಯಾಶಾಖೆಯೇ ಇದೆ. ವ್ಯವಹಾರ ತಂತ್ರಜ್ಞಾನದ ಸಂಶೋಧನೆ ಎನ್ನುತ್ತಾರೆ. ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಸೇರಿದ ವಿಷಯ ಎಂದು ನಮ್ಮಲ್ಲಿ ಅನೇಕರು ಅದನ್ನು ಬದಿಗಿಡುತ್ತಾರೆ. ಆದರೆ ಈ ಶಾಖೆಯಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಬಂದ ಅತ್ಯಂತ ಮುಖ್ಯ ಅಧ್ಯಯನಗಳಲ್ಲಿ ಒಂದು ನಮ್ಮ ಎಪಿಎಂಸಿಗಳ ಬಗ್ಗೆಯೇ ಇದೆ. ಅದರಲ್ಲಿ ಬರುವ ಒಂದು ಸಾಲು, ಅರಕೇರಾ, ದೇವದುರ್ಗದ ಹತ್ತಿ ಮತ್ತು ತೊಗರಿ ಬೆಳೆಗಾರರಿಗೆ ನೇರ ಸಂಬಂಧಿಸಿದ್ದು.

2014ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಅಲ್ಲಿಯವರೆಗೆ ಒಂದೊಂದು ಗಂಜು ಒಂದೊಂದು ದ್ವೀಪದಂತಿತ್ತು. ಆ ಊರಿನ ಲೈಸೆನ್ಸ್ ಇದ್ದ ವ್ಯಾಪಾರಿಗಳು ಚೀಟಿಯಲ್ಲಿ ದರ ಬರೆದು ಟೆಂಡರ್ ಪೆಟ್ಟಿಗೆಗೆ ಹಾಕುತ್ತಿದ್ದರು, ಹೆಚ್ಚು ಬರೆದವನಿಗೆ ಮಾಲು ಹೋಗುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಗೇಟಿನಲ್ಲೇ ಪ್ರತಿ ಲಾಟ್‌ಗೆ ನಂಬರು ಸಿಗುತ್ತದೆ, ದರ ಕಂಪ್ಯೂಟರಿಗೆ ಹೋಗುತ್ತದೆ, ಒಂದೇ ಲೈಸೆನ್ಸಿನ ಮೇಲೆ ಬೇರೆ ಊರಿನ ವ್ಯಾಪಾರಿಯೂ ಕೂತಲ್ಲಿಂದಲೇ ದರ ಹಾಕಬಹುದು. ಎರಡು ವರ್ಷದ ನಂತರ, 2016ರ ಏಪ್ರಿಲ್ 14ರಂದು, ಕೇಂದ್ರ ಸರ್ಕಾರ ಇ-ನ್ಯಾಮ್ ಎಂಬ ದೇಶವ್ಯಾಪಿ ಮಾರುಕಟ್ಟೆ ಜಾಲ ತಂದಿತು. ಆ ಆಲೋಚನೆಗೆ ಮೊದಲ ದೊಡ್ಡ ಪ್ರಯೋಗಶಾಲೆಯಾದದ್ದು ನಮ್ಮ ರಾಜ್ಯ.

ಪ್ರಯೋಗ ಮಾಡಿದ ಮೇಲೆ ಫಲ ಅಳೆಯಬೇಕಲ್ಲ. ಅಮೆರಿಕದ ಎಂಐಟಿಯ ರೆಟ್ಸೆಫ್ ಲೆವಿ ಮತ್ತು ಯಾನ್‌ಚಾಂಗ್ ಝೆಂಗ್, ಸೋಮ್ಯ ಸಿಂಘ್ವಿ, ಜೊತೆಗೆ ಈ ವೇದಿಕೆಯನ್ನು ನಡೆಸಿದ ಸಂಸ್ಥೆಯ ಮುಖ್ಯಸ್ಥರಾಗಿದ್ದ ಮನೋಜ್ ರಾಜನ್ ಸೇರಿ ಅದನ್ನು ಅಳೆದರು. 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 2019ರ ನವೆಂಬರ್ ಹೊತ್ತಿಗೆ ಈ ವೇದಿಕೆಯಲ್ಲಿ 6.28 ಕೋಟಿ ಟನ್ ಮಾಲು ಮಾರಾಟವಾಗಿತ್ತು, ಬೆಲೆಯಲ್ಲಿ 2,170 ಕೋಟಿ ಡಾಲರ್. ವೇದಿಕೆಗೆ ಸೇರಿದ ಮಾರುಕಟ್ಟೆಗಳನ್ನು ಸೇರದವುಗಳ ಜೊತೆ, ಸೇರುವ ಮುಂಚಿನ ದರವನ್ನು ಸೇರಿದ ನಂತರದ ದರದ ಜೊತೆ ಹೋಲಿಸಿ ನೋಡಿದಾಗ ಭತ್ತದ ಮಾದರಿ ಬೆಲೆ, ಅಂದರೆ ಹೆಚ್ಚಿನ ಲಾಟ್‌ಗಳಿಗೆ ಸಿಕ್ಕ ದರ, 5.1 ಶೇಕಡ ಏರಿತ್ತು, ಶೇಂಗಾದ್ದು 3.6, ಮೆಕ್ಕೆಜೋಳದ್ದು 3.5. ಕೇಳಲು ಸಣ್ಣ ಅಂಕಿ. ಆದರೆ ಈ ಬೆಳೆಗಳಲ್ಲಿ ರೈತನಿಗೆ ಉಳಿಯುವ ಲಾಭವೇ ನೂರಕ್ಕೆ 4ರಿಂದ 9 ರೂಪಾಯಿ. ಅದರ ಮೇಲೆ ನಾಲ್ಕೈದು ರೂಪಾಯಿ ಸೇರಿದರೆ ಕೆಲವರಿಗೆ ಲಾಭ ಇಮ್ಮಡಿಯೇ ಆದಂತೆ.

ಇನ್ನು ಆ ಸಾಲು. ಹತ್ತಿ, ಹೆಸರು, ತೊಗರಿ ಈ ಮೂರರಲ್ಲಿ ಗುರುತಿಸಬಹುದಾದ ಯಾವ ಏರಿಕೆಯೂ ಕಾಣಲಿಲ್ಲ.

ಇದನ್ನು ಮೊದಲು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ರಾಯಚೂರು ಜಿಲ್ಲೆಯ ನಕಾಶೆ. ಕೃಷ್ಣಾ, ತುಂಗಭದ್ರಾ ಎರಡು ಹೊಳೆಗಳ ನಡುವಿನ ಸೀಮೆ ಇದು. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆ. ದೇವದುರ್ಗ, ಅರಕೇರಾ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟಿದಲ್ಲಿ ಭತ್ತವೂ ಉಂಟು, ಮುಟ್ಟದಲ್ಲಿ ಎರೆಯಲ್ಲೂ ಮಸಾರಿಯಲ್ಲೂ ಹತ್ತಿ, ತೊಗರಿ. ಅಂದರೆ ಕಂಪ್ಯೂಟರಿನ ಲಾಭವೂ ಕಾಲುವೆಯ ಗುಂಟವೇ ಹರಿದಂತಾಯಿತು. ಮಳೆಯನ್ನೇ ನಂಬಿದವನ ಬೆಳೆಗೆ ಅದು ಬರಲಿಲ್ಲ. ಅಧ್ಯಯನ ಮಾಡಿದವರು ಹೀಗೆ ಹೇಳಿಲ್ಲ, ಇದು ನನ್ನ ಓದು. ಆದರೆ ಈ ಓದಿನಿಂದ ಏಳುವ ಪ್ರಶ್ನೆಯನ್ನು ಇಲ್ಲಿಯವರೇ ಕೇಳಬೇಕು: ಭತ್ತಕ್ಕೆ ದಕ್ಕಿದ್ದು ಹತ್ತಿಗೆ ಏಕೆ ದಕ್ಕಲಿಲ್ಲ?

ಬೂತಾಯಿ ಮೀನಿನ ಪಾಠ

ಈ ವಿದ್ಯಾಶಾಖೆಯಲ್ಲಿ ಎಲ್ಲರೂ ನೆನೆಯುವ ಕಥೆ ಕೇರಳ ಕರಾವಳಿಯದು. 1997ರ ಜನವರಿ 14ರ ಬೆಳಿಗ್ಗೆ ವಡಕರದ ದಡಕ್ಕೆ ಬಂದ ಹನ್ನೊಂದು ಮೀನುಗಾರರಿಗೆ ಕೊಳ್ಳುವವರೇ ಸಿಗದೆ ಹಿಡಿದ ಬೂತಾಯಿಯನ್ನು ಸುರಿದುಬಿಡಬೇಕಾಯಿತು. ಅದೇ ಹೊತ್ತಿಗೆ ಹದಿನೈದು ಕಿಲೋಮೀಟರ್ ಒಳಗಿನ ಬೇರೆ ದಡಗಳಲ್ಲಿ ಇಪ್ಪತ್ತೇಳು ಮಂದಿ ಖರೀದಿದಾರರು ಮೀನಿಲ್ಲದೆ ಬರಿಗೈಯಲ್ಲಿ ಹೊರಡುವವರಿದ್ದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಇದನ್ನು ದಾಖಲಿಸಿದರು. ಅದೇ ವರ್ಷದಿಂದ ಆ ಕರಾವಳಿಗೆ ಹಂತಹಂತವಾಗಿ ಮೊಬೈಲ್ ಬಂತು. ಮೀನುಗಾರರು ಕಡಲಲ್ಲೇ ಫೋನ್ ಮಾಡಿ, ದರ ಎಲ್ಲಿದೆಯೋ ಆ ದಡಕ್ಕೆ ದೋಣಿ ತಿರುಗಿಸಿದರು. ದಡದಿಂದ ದಡಕ್ಕೆ ಇದ್ದ ದರದ ಅಂತರ ಕುಸಿಯಿತು, ಮೀನು ಎಸೆಯುವುದು ಹೆಚ್ಚುಕಡಿಮೆ ನಿಂತಿತು, ಮೀನುಗಾರರ ಲಾಭ ಸರಾಸರಿ 8 ಶೇಕಡ ಏರಿತು, ಕೊಳ್ಳುವವರಿಗೆ 4 ಶೇಕಡ ಅಗ್ಗವಾಯಿತು. 2007ರಲ್ಲಿ ಪ್ರಕಟವಾದ ಈ ಲೇಖನ ಜಗತ್ತಿನ ತುಂಬ ಓದಿಸಿಕೊಂಡಿತು. ಮಾಹಿತಿ ಕೊಟ್ಟರೆ ಸಾಕು, ಮಾರುಕಟ್ಟೆ ತಾನೇ ಸರಿಹೋಗುತ್ತದೆ ಎಂಬ ನಂಬಿಕೆಗೆ ಅದು ಬುನಾದಿಯಾಯಿತು.

ಆದರೆ ಬೂತಾಯಿಯ ದೋಣಿಗೂ ಹತ್ತಿಯ ಟ್ರ್ಯಾಕ್ಟರಿಗೂ ಎರಡು ದೊಡ್ಡ ವ್ಯತ್ಯಾಸಗಳಿವೆ. ಒಂದು, ತಾಜಾ ಬೂತಾಯಿಯನ್ನು ನೋಡಿದವರಿಗೆಲ್ಲ ಅದು ತಾಜಾ ಎಂದು ಗೊತ್ತಾಗುತ್ತದೆ. ಎರಡು, ದೋಣಿ ಬೇರೆ ದಡಕ್ಕೆ ತಿರುಗಬಲ್ಲದು. ಅದೂ ಎಲ್ಲ ಕಡೆ ನಿಜವಲ್ಲ. ಬೆಂಗಳೂರಿನ ಐಐಐಟಿಯಲ್ಲಿದ್ದ ಜಾನಕಿ ಶ್ರೀನಿವಾಸನ್, ಅಮೆರಿಕದ ಜೆನ್ನಾ ಬರೆಲ್ ಜೊತೆ ಮತ್ತೆ ಕೇರಳಕ್ಕೆ ಹೋಗಿ, ಮೀನುಗಾರ ಯಾರಿಗೆ ಸಾಲಗಾರ, ಹರಾಜು ಕೂಗುವವನು ಯಾರು, ಅವನನ್ನು ಬಿಟ್ಟು ಬೇರೆಯವರಿಗೆ ಮಾರಲು ಆಗುತ್ತದೆಯೇ ಎಂದು ಕೇಳಿದರು. 2013ರಲ್ಲಿ ಬಂದ ಅವರ ಬರಹ, ಫೋನಿನ ಹಿಂದೆ ಇರುವ ಈ ಸಂಬಂಧಗಳನ್ನು ಬಿಟ್ಟು ಫೋನಿನ ಫಲವನ್ನು ಹೇಳಲಾಗದು ಎಂದು ತೋರಿಸಿತು.

ಗಂಜಿನ ಮಾತಿಗೆ ಬಂದರೆ ಇದು ನಮಗೆ ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಮುಂಗಾರಿಗೆ ಬೀಜ, ಗೊಬ್ಬರ, ಎಣ್ಣೆಗೆ ದುಡ್ಡು ಕೊಟ್ಟ ಅಡತಿ ಅಂಗಡಿಗೇ ಮಾಲು ಹೋಗಬೇಕು. ಮಗಳ ಮದುವೆಗೆ, ದವಾಖಾನೆಗೆ ರಾತ್ರಿ ಹೊತ್ತಲ್ಲಿ ಫೋನ್ ಮಾಡಿದರೆ ಹಣ ಕೊಡುವವನೂ ಅದೇ ಸಾವುಕಾರ. "ಅಲ್ಲಿ ರೇಟು ನೂರು ಹೆಚ್ಚೈತಿ ಖರೆ, ನಾ ಇವರನ್ನ ಬಿಟ್ಟು ಹ್ಯಾಂಗ ಹೋಗ್ಲಿ?" ಎಂಬ ಮಾತನ್ನು ನಮ್ಮ ಕಡೆ ಯಾವ ಹಳ್ಳಿಯ ಕಟ್ಟೆಯ ಮೇಲಾದರೂ ಕೇಳಬಹುದು. ಮಹಾರಾಷ್ಟ್ರದ ನೂರು ಹಳ್ಳಿಗಳಲ್ಲಿ ಮಾರ್ಸೆಲ್ ಫಾಫ್‌ಶಾಂಪ್ ಮತ್ತು ಬಾರ್ಟ್ ಮಿಂಟನ್ ಮಾಡಿದ ಪ್ರಯೋಗ ಈ ಮಾತಿಗೆ ಹೊಂದುತ್ತದೆ. ರೈತರಿಗೆ ಒಂದು ವರ್ಷ ಪುಕ್ಕಟೆಯಾಗಿ ಎಸ್‌ಎಂಎಸ್‌ನಲ್ಲಿ ಧಾರಣಿ, ಹವಾಮಾನ, ಬೆಳೆ ಸಲಹೆ ಕಳಿಸಿದರು. ಮಾಲಿಗೆ ಸಿಕ್ಕ ಬೆಲೆಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸ ಆಗಲಿಲ್ಲ ಎಂದು 2012ರಲ್ಲಿ ಪ್ರಕಟಿಸಿದರು. ಆಗಲಿಲ್ಲ ಎಂಬ ಫಲವನ್ನೂ ಮುಚ್ಚಿಡದೆ ಹೇಳಿದ ಆ ಪ್ರಾಮಾಣಿಕತೆ ನನಗೆ ದೊಡ್ಡದೆನಿಸುತ್ತದೆ.

ಮಧ್ಯಪ್ರದೇಶದಲ್ಲಿ ಮಾತ್ರ ಬೇರೆಯೇ ಆಯಿತು. 2000ದ ಅಕ್ಟೋಬರ್‌ನಿಂದ ಅಲ್ಲಿ ಐಟಿಸಿ ಕಂಪನಿ ಇ-ಚೌಪಾಲ್ ಎಂಬ ಇಂಟರ್‌ನೆಟ್ ಕೇಂದ್ರಗಳನ್ನು ಹಳ್ಳಿಗಳಲ್ಲಿ ತೆರೆಯಿತು. ಅದರಿಂದ ಮಂಡಿಗಳಲ್ಲಿ ಸೋಯಾ ಬೆಲೆ 1ರಿಂದ 3 ಶೇಕಡ ಏರಿತೆಂದು ಅಪರಾಜಿತಾ ಗೋಯಲ್ 2010ರಲ್ಲಿ ತೋರಿಸಿದರು. ಅಲ್ಲಿ ಧಾರಣಿಯ ಸುದ್ದಿಯ ಜೊತೆಗೆ ಇನ್ನೂ ಎರಡು ಬಂದಿದ್ದವು: ನೇರವಾಗಿ ಕೊಳ್ಳುವ ಇನ್ನೊಬ್ಬ ಖರೀದಿದಾರ, ಮತ್ತು ರೈತನ ಕಣ್ಣೆದುರೇ ಗುಣ ಪರೀಕ್ಷಿಸಿ ತೂಗುವ ಗೋದಾಮು.

ಅಕ್ಕಿಯೊಳಗಿನ ಕಲ್ಲು

ಗುಣ ಎಂದೆ. ಇಡೀ ವಿಷಯದ ಗಂಟು ಇರುವುದು ಇಲ್ಲೇ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1967–68ರಲ್ಲಿ ಒಂದು ವರ್ಷ ದೆಹಲಿಯಲ್ಲಿದ್ದರು. 1970ರಲ್ಲಿ ಅವರು ಪ್ರಕಟಿಸಿದ, ಮುಂದೆ 2001ರ ನೊಬೆಲ್‌ಗೆ ಕಾರಣವಾದ ಲೇಖನ ಹಳೆಯ ಕಾರುಗಳ ಮಾರುಕಟ್ಟೆಯ ಕುರಿತದ್ದೆಂದೇ ಹೆಸರಾಗಿದೆ. ಆದರೆ ಅದರೊಳಗೆ ಭಾರತದ ಹೆಂಗಸರು ಅಂಗಡಿಯಿಂದ ತಂದ ಅಕ್ಕಿಯಲ್ಲಿ ಕಲ್ಲು ಆರಿಸುವ ಉದಾಹರಣೆಯೂ ಇದೆ. ಅಕ್ಕಿಯ ಬಣ್ಣದ್ದೇ, ಅಕ್ಕಿಯ ಆಕಾರದ್ದೇ ಕಲ್ಲನ್ನು ಬೇಕೆಂದೇ ಬೆರೆಸಿರುತ್ತಾರೆಂದು ಅವರು ಬರೆದರು. ಒಳ್ಳೆಯ ಮಾಲು, ಕೆಟ್ಟ ಮಾಲು ಯಾವುದೆಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎರಡಕ್ಕೂ ನಡುವಿನ ಒಂದು ಬೆಲೆ ಕೊಡುತ್ತಾನೆ. ಆಗ ಒಳ್ಳೆಯ ಮಾಲು ತಂದವನು ಸೋಲುತ್ತಾನೆ, ಮುಂದಿನ ವರ್ಷ ಅವನೂ ಒಣಗಿಸುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಹಸಿಯಲ್ಲೇ ತೂಕ ಹೆಚ್ಚಿಸುವ ಹತ್ತಿ ಚೀಲದ ಕಥೆ ಇದೇ.

ಬೇರೆ ಊರಿನ ವ್ಯಾಪಾರಿ ತೆರೆಯ ಮೇಲೆ ರಾಯಚೂರಿನ ಲಾಟ್ ನಂಬರು ನೋಡಬಲ್ಲ. ಅದರ ತೇವ, ಎಳೆಯ ಉದ್ದ, ಕಸ ಕಾಣುವುದಿಲ್ಲ. ಕಾಣದ ಮಾಲಿಗೆ ಅವನು ಧೈರ್ಯದಿಂದ ದರ ಹಾಕುವುದಾದರೂ ಹೇಗೆ? ಹೀಗಾಗಿ ಜಾಲ ನಾಡಿಗೆಲ್ಲ ತೆರೆದಿದ್ದರೂ ನಿಜವಾದ ಟೆಂಡರು ಚೀಲದೊಳಗೆ ಕೈ ಹಾಕಬಲ್ಲವರ ನಡುವೆಯೇ ಉಳಿಯುತ್ತದೆ. ಎಂಐಟಿಯವರ ಆ ಅಧ್ಯಯನದಲ್ಲೇ ಇದಕ್ಕೊಂದು ಸುಳಿವಿದೆ. ಉತ್ತಮ ಗುಣದ ಮಾಲು ತಂದವರಿಗೆ ವೇದಿಕೆಯಿಂದ ಹೆಚ್ಚು ಲಾಭವಾಗಿತ್ತು. ಗುಣಕ್ಕೆ ಬೆಲೆ ಸಿಗುವ ದಾರಿ ಇದ್ದಲ್ಲಿ ಕಂಪ್ಯೂಟರು ಕೆಲಸ ಮಾಡಿತು ಎಂದು ಇದರ ಅರ್ಥ.

ಹತ್ತಿಯಲ್ಲಿ ಈ ಗಂಟು ಇನ್ನೂ ಬಿಗಿ. ರೈತ ಮಾರುವುದು ಬೀಜ ಸಹಿತ ಹತ್ತಿಯನ್ನು. ಮಿಲ್ಲಿಗೆ ಬೇಕಾದದ್ದು ಬೀಜ ಬೇರ್ಪಟ್ಟ ಅರಳೆ. ನೂರು ಕಿಲೋ ಹತ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಅರಳೆ. ತಳಿ, ನೆಲ, ಬಿಡಿಸಿದ ಹೊತ್ತಿನ ಮೇಲೆ ಅದು ಒಂದೆರಡು ಕಿಲೋ ಆಚೀಚೆ ಆಗುತ್ತದೆ, ಲಾಭವೆಲ್ಲ ಇರುವುದು ಆ ಒಂದೆರಡು ಕಿಲೋದಲ್ಲೇ. ಎಳೆಯ ಉದ್ದ, ಬಲ, ನಯ ಅಳೆಯುವ ಯಂತ್ರಗಳು ಅಳೆಯುವುದು ಅರಳೆಯನ್ನು. ಅಂದರೆ ನಿಜವಾದ ಗುಣ ಗೊತ್ತಾಗುವುದು ಜಿನ್ನಿಂಗ್ ಆದ ಮೇಲೆ, ಅಷ್ಟರಲ್ಲಿ ರೈತ ಪಟ್ಟಿ ಹಿಡಿದು ಊರಿಗೆ ಮರಳಿರುತ್ತಾನೆ. ಅವನ ಹತ್ತಿ ಎಷ್ಟು ಅರಳೆ ಕೊಟ್ಟಿತು, ಎಳೆ ಎಷ್ಟು ಉದ್ದವಿತ್ತು ಎಂಬ ಸುದ್ದಿ ಅವನಿಗೆ ಎಂದೂ ಬರುವುದಿಲ್ಲ. ಯಾವ ತಳಿ ಹಾಕಿದ್ದು ಸರಿ, ಯಾವುದು ತಪ್ಪು ಎಂದು ಕಲಿಯುವ ದಾರಿಯೇ ಅಲ್ಲಿಗೆ ಮುಚ್ಚಿದಂತೆ. ಎಷ್ಟೋ ಹಂಗಾಮುಗಳ ಈ ಅರಿವು ಮಿಲ್ಲಿನ ಗೋಡೆಯಾಚೆಗೇ ಉಳಿದುಹೋದದ್ದು ನನ್ನ ಪಾಲಿಗೆ ಈ ಸೀಮೆಯ ದೊಡ್ಡ ನಷ್ಟಗಳಲ್ಲಿ ಒಂದು.

ಈ ದಾರಿ ತೆರೆಯುವ ಒತ್ತಡ ಈಗ ಹೊರಗಿನಿಂದ ಬರುತ್ತಿದೆ. ಭಾರತದ ಹತ್ತಿಗೆ ಕಸ್ತೂರಿ ಎಂಬ ಗುರುತು ಕೊಟ್ಟು, ಬೇಲಿನ ಮೇಲಿನ ಕ್ಯೂಆರ್ ಚೀಟಿ ಮತ್ತು ಬ್ಲಾಕ್‌ಚೈನ್ ಲೆಕ್ಕದ ಮೂಲಕ ಅದನ್ನು ಬಟ್ಟೆಯವರೆಗೆ ಹಿಂಬಾಲಿಸುವ ಕೆಲಸ ನಡೆದಿದೆ. ಯುರೋಪು 2024ರಲ್ಲಿ ಜಾರಿಗೆ ತಂದ ಕಾನೂನಿನಡಿ ಮುಂದೆ ಜವಳಿಗೂ ಡಿಜಿಟಲ್ ಪಾಸ್‌ಪೋರ್ಟ್ ಬರಲಿದೆ. ಅಂಗಿ ಯಾವುದರಿಂದ ಆಯಿತು, ಹೇಗೆ ಆಯಿತು ಎಂದು ಅದು ಹೇಳಬೇಕು. ಬೇಲಿನಿಂದ ಅಂಗಡಿಯ ಕಡೆಗೆ ಹೋಗುವ ಈ ಸುದ್ದಿಯ ದಾರಿಯನ್ನು ಬೇಲಿನಿಂದ ಹೊಲದ ಕಡೆಗೂ ತಿರುಗಿಸುವುದು ಹೇಗೆ? ಒಂದು ಬೇಲ್ ಎಂದರೆ 170 ಕಿಲೋ ಅರಳೆ, ಹತ್ತಾರು ಚೀಲಗಳ ಹತ್ತಿ ಅದರಲ್ಲಿ ಬೆರೆತಿರುತ್ತದೆ. ಸಣ್ಣ ರೈತನ ಮಾಲನ್ನು ಬೇರೆಯಾಗಿ ಇಟ್ಟು ಜಿನ್ನಿಂಗ್ ಮಾಡುವ ಖರ್ಚು ಎಷ್ಟು, ಹತ್ತು ಮನೆ ಕೂಡಿ ಒಂದೇ ತಳಿ ಬೆಳೆದರೆ ಎಷ್ಟು ಇಳಿಯುತ್ತದೆ? ವ್ಯವಹಾರ ತಂತ್ರಜ್ಞಾನದ ಮುಂದಿನ ಸಂಶೋಧನೆ ಇಲ್ಲಿದೆ, ಮತ್ತು ಇದನ್ನು ಅಮೆರಿಕದಲ್ಲಿ ಕೂತು ಮಾಡಲು ಆಗುವುದಿಲ್ಲ.

ಮೋಟಾರು ಬಂದರೂ ಮಿಲ್ಲು ಬದಲಾಗದಿದ್ದರೆ

1990ರಲ್ಲಿ ಪಾಲ್ ಡೇವಿಡ್ ಎಂಬ ಇತಿಹಾಸಕಾರ ಕಂಪ್ಯೂಟರನ್ನು ವಿದ್ಯುತ್ ಮೋಟಾರಿಗೆ ಹೋಲಿಸಿ ಬರೆದರು. ಅಮೆರಿಕಕ್ಕೆ ವಿದ್ಯುತ್ ಕೇಂದ್ರಗಳು 1880ರ ದಶಕದಲ್ಲೇ ಬಂದವು, ಕಾರ್ಖಾನೆಗಳ ಉತ್ಪಾದಕತೆ ಜಿಗಿದದ್ದು 1920ರ ದಶಕದಲ್ಲಿ. ನಡುವಿನ ನಲವತ್ತು ವರ್ಷ ಏನಾಯಿತು? ಉಗಿ ಯಂತ್ರ ಇದ್ದ ಜಾಗದಲ್ಲಿ ದೊಡ್ಡ ಮೋಟಾರು ಕೂರಿಸಿದರು, ಉದ್ದನೆಯ ದಂಡ, ಪಟ್ಟೆ, ಗಾಲಿ ಎಲ್ಲ ಹಾಗೇ ಇದ್ದವು. ಒಂದೊಂದು ಯಂತ್ರಕ್ಕೂ ಸಣ್ಣ ಮೋಟಾರು ಕೊಟ್ಟು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಕಾರ್ಖಾನೆಯ ನೆಲವನ್ನೇ ಹೊಸದಾಗಿ ಜೋಡಿಸಿದ ಮೇಲೆ ಫಲ ಬಂತು.

ಚೀಟಿಯ ಪೆಟ್ಟಿಗೆ ತೆಗೆದು ಕಂಪ್ಯೂಟರ್ ಇಟ್ಟದ್ದು ದೊಡ್ಡ ಮೋಟಾರು ಕೂರಿಸಿದಂತೆ. ಸಾಲ ಹಾಗೇ, ಮುಷ್ಟಿ ಹಾಗೇ, ಹಮಾಲಿ, ತೂಕ, ಕಡಿತ ಹಾಗೇ. ಅದೇ ಎಂಐಟಿ ತಂಡ ಮುಂದೆ ಮಾಡಿದ ಕೆಲಸ ಈ ದೃಷ್ಟಿಯಿಂದ ನನಗೆ ಬಹಳ ಹಿಡಿಸಿತು. ನಮ್ಮ ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಅವರು ಹರಾಜಿನ ನಿಯಮವನ್ನಷ್ಟೇ ಬದಲಿಸಿದರು. ಮೊದಲ ಸುತ್ತಿನಲ್ಲಿ ಎಲ್ಲರೂ ಗುಟ್ಟಾಗಿ ದರ ಹಾಕುತ್ತಾರೆ, ಅದರಲ್ಲಿ ಮುಂದೆ ಇದ್ದವರಿಗೆ ಮಾತ್ರ ಎರಡನೇ ಸುತ್ತಿನಲ್ಲಿ ದರ ಏರಿಸುವ ಅವಕಾಶ. ಹೊಸ ಯಂತ್ರ ತರಲಿಲ್ಲ, ಹೊಸ ಆ್ಯಪ್ ಕೊಡಲಿಲ್ಲ. ಬೆಲೆ ಏರಿದ್ದನ್ನು ಅಳೆದು ತೋರಿಸಿದರು. ವ್ಯಾಪಾರಿಗಳು ಹೇಗೆ ಯೋಚಿಸುತ್ತಾರೆ, ಮಧ್ಯಾಹ್ನದೊಳಗೆ ಎಷ್ಟು ಲಾಟ್‌ಗೆ ದರ ಹಾಕಬೇಕಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ಮಾಡಿದ ಬದಲಾವಣೆ ಅದು.

ರಾಯಚೂರಿಗೂ ತನ್ನದೇ ಆದ ಇಂಥ ಕೆಲಸದ ಪರಂಪರೆ ಇದೆ. ನಮ್ಮ ಕೃಷಿ ವಿಶ್ವವಿದ್ಯಾಲಯ ಬೆಂಗಳೂರಿನ ತೆನೆ ಎಂಬ ಸಂಸ್ಥೆಯ ಜೊತೆ ಕೂಡಿ ಇ-ಸ್ಯಾಪ್ ರೂಪಿಸಿತು. ಹೊಲಕ್ಕೆ ಹೋದ ಕಾರ್ಯಕರ್ತರ ಕೈಯ ಸಾಧನದಲ್ಲೇ ಕೀಟ, ರೋಗಗಳ ಚಿತ್ರ, ಲಕ್ಷಣ, ಪರಿಹಾರ ಎಲ್ಲ ಇರುತ್ತವೆ. ನೆಟ್‌ವರ್ಕ್ ಇಲ್ಲದಿದ್ದರೂ ಅದು ನಡೆಯುತ್ತದೆ, ನೆಟ್‌ವರ್ಕ್ ಸಿಕ್ಕಾಗ ಹೊಲದ ಸುದ್ದಿ ಕೇಂದ್ರಕ್ಕೆ ಹೋಗುತ್ತದೆ. ಗುಲಾಬಿ ಕಾಯಿಕೊರಕ ಬಿಟಿ ಹತ್ತಿಗೂ ಜಗ್ಗದೆ ಕಾಯಿ ಕೊರೆದ ಸೀಮೆ ಇದು. ಇಲ್ಲಿ ಕೂತು ಮಾಡಿದವರಿಗೇ ನೆಟ್‌ವರ್ಕ್ ಸಿಗದ ಹೊಲ ನೆನಪಿಗೆ ಬರುತ್ತದೆ.

ತುಂಗಭದ್ರೆಯ ಆಚೆ ದಡದ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದಲ್ಲಿ 2016ರಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಮತ್ತು ಮೈಕ್ರೋಸಾಫ್ಟ್ 175 ಶೇಂಗಾ ಬೆಳೆಗಾರರಿಗೆ ಬಿತ್ತುವ ದಿನವನ್ನು ಕಂಪ್ಯೂಟರ್ ಲೆಕ್ಕದಿಂದ ಹೇಳಿ ಎಸ್‌ಎಂಎಸ್ ಕಳಿಸಿದವು. ಇಳುವರಿ 30 ಶೇಕಡ ಹೆಚ್ಚಿತೆಂದು ಅವೇ ಪ್ರಕಟಿಸಿದವು. 2017ರಲ್ಲಿ ನಮ್ಮ ಸರ್ಕಾರ ಅದೇ ಕಂಪನಿಯ ಜೊತೆ ಸೇರಿ ತೊಗರಿ ಬೆಲೆಯನ್ನು ಮುಂಚಿತವಾಗಿ ಹೇಳುವ ಲೆಕ್ಕಕ್ಕೆ ಕೈ ಹಾಕಿತು. ಇವು ಒಳ್ಳೆಯ ಉದ್ದೇಶದ ಕೆಲಸಗಳೇ. ಆದರೆ ಪ್ರಯೋಗ ಮಾಡಿದವರೇ ಫಲವನ್ನೂ ಅಳೆದರೆ ಸಾಲದು, ಸಂದೇಶ ಬಾರದ ಪಕ್ಕದ ಹಳ್ಳಿಯ ಹೊಲವನ್ನೂ ಹೊರಗಿನವರೊಬ್ಬರು ಅಳೆಯಬೇಕು. ಮುಂಗಾಣುವ ಬೆಲೆಯ ವಿಷಯದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ತೊಗರಿ ಮುಂದಿನ ತಿಂಗಳು ಏರುತ್ತದೆ ಎಂಬ ಸುದ್ದಿ ಗೋದಾಮು ಇದ್ದವನಿಗೂ ನಾಳೆ ಕೂಲಿ ಕೊಡಬೇಕಾದವನಿಗೂ ಒಂದೇ ದಿನ ಬಂದರೆ, ಕಾಯುವ ತಾಕತ್ತು ಯಾರಿಗಿದೆ?

ಹಾಗಾಗಿ ಮಾತು ಮತ್ತೆ ಸಾಲಕ್ಕೇ ಬರುತ್ತದೆ. ಡಿಜಿಟಲ್ ದಾಖಲೆ ನೋಡಿ ನಿಮಿಷದಲ್ಲಿ ಸಾಲ ಮಂಜೂರು ಮಾಡುವ ವ್ಯವಸ್ಥೆಗಳನ್ನು ರಿಸರ್ವ್ ಬ್ಯಾಂಕ್ ಕೆಲವು ವರ್ಷಗಳಿಂದ ಪರೀಕ್ಷಿಸುತ್ತಿದೆ. ಕರ್ನಾಟಕಕ್ಕೆ ಇದರಲ್ಲಿ ಮುಂದಿನ ಹೆಜ್ಜೆ ಸುಲಭ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಎರಡು ದಶಕದ ಹಿಂದೆಯೇ ಕಂಪ್ಯೂಟರಿಗೆ ಬಂದಿವೆ, ಫ್ರೂಟ್ಸ್ ಎಂಬ ರೈತ ನೋಂದಣಿ ವ್ಯವಸ್ಥೆಯಲ್ಲಿ ರೈತರಿಗೆ ಎಫ್‌ಐಡಿ ನಂಬರು ಇದೆ. ಆದರೆ ಪಹಣಿಯಲ್ಲಿ ಇರುವುದು ಹೊಲದ ಒಡೆಯನ ಹೆಸರು. ನಮ್ಮ ಕಡೆ ಲೀಸಿಗೆ, ಪಾಲಿಗೆ ಹೊಲ ಹಾಕಿಕೊಂಡು ಉಳುವವರು ಊರೂರಲ್ಲಿ ಇದ್ದಾರೆ. ಬಾಯಿಮಾತಿನ ಒಪ್ಪಂದ, ಕಾಗದವಿಲ್ಲ. ಕಂಪ್ಯೂಟರಿನ ಕಣ್ಣಿಗೆ ಅವರಿಗೆ ಬೆಳೆಯೂ ಇಲ್ಲ, ಹೊಲವೂ ಇಲ್ಲ. ಅಡತಿ ಅಂಗಡಿಯ ಸಾವುಕಾರನಿಗೆ ಮಾತ್ರ ಅವರು ಯಾರು, ಹೋದ ವರ್ಷ ಎಷ್ಟು ಚೀಲ ತಂದರು, ಮಾತಿಗೆ ನಿಲ್ಲುವವರೇ ಎಂಬುದೆಲ್ಲ ಗೊತ್ತು. ಆ ನಂಬಿಕೆಯ ಲೆಕ್ಕವನ್ನು ರೈತನದೇ ಆಸ್ತಿಯಾಗಿ, ಅವನು ಬೇಕೆಂದ ಬ್ಯಾಂಕಿಗೆ ತೋರಿಸಬಹುದಾದ ದಾಖಲೆಯಾಗಿ ಮಾಡಲು ಸಾಧ್ಯವೇ? ಲಾಟ್ ನಂಬರು, ಪಟ್ಟಿ, ತೂಕ ಹತ್ತು ವರ್ಷದಿಂದ ಕಂಪ್ಯೂಟರಿನಲ್ಲೇ ಕೂಡುತ್ತ ಬಂದಿವೆ. ಲೀಸುದಾರನ ಮಾರಾಟದ ಚರಿತ್ರೆ ಅವನ ಸಾಲದ ಅರ್ಹತೆಯಾಗಬಲ್ಲದೇ ಎಂದು ನೋಡಲು ಬೇಕಾದ ಸಾಮಗ್ರಿ ರಾಜ್ಯದಲ್ಲೇ ಇದೆ.

ಭಾಷೆಯ ಬಗ್ಗೆಯೂ ಒಂದು ಮಾತು. ಆ್ಯಪ್‌ಗಳ ಕನ್ನಡ ನಮ್ಮವರ ಬಾಯಿಗೆ ಹೊಂದುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ನಡೆಸುತ್ತಿರುವ ವಾಣಿ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸುತ್ತಿದೆ, ರಾಯಚೂರು ಅದರ ಮೊದಲ ಸುತ್ತಿನ ಜಿಲ್ಲೆಗಳಲ್ಲಿದೆ. ಅದೇ ಸಂಸ್ಥೆಯ ರೆಸ್ಪಿನ್ ಯೋಜನೆ ಕೃಷಿ ಮತ್ತು ಹಣಕಾಸಿನ ಮಾತುಗಳನ್ನೇ ಗುರಿಯಾಗಿಟ್ಟು ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಒಳನುಡಿಗಳನ್ನು ಸಂಗ್ರಹಿಸಿತು. ಉರ್ದು, ತೆಲುಗು, ಕನ್ನಡ ಬೆರೆತ ನಮ್ಮ ಗಂಜಿನ ಮಾತನ್ನು ಯಂತ್ರ ತಿಳಿಯುವ ದಿನ ದೂರವಿಲ್ಲ. ಓದು ಬಾರದ ಹತ್ತಿ ಬಿಡಿಸುವ ಹೆಣ್ಣುಮಗಳು "ಇವತ್ತು ನಾ ಎಷ್ಟು ಕಿಲೋ ಬಿಡಿಸೀನಿ?" ಎಂದು ಫೋನಿಗೆ ಕೇಳಿ ಉತ್ತರ ಪಡೆಯುವಂತಾದರೆ, ಕೂಲಿಯ ಲೆಕ್ಕ ಹೊಲದ ಬದುವಿನ ಮೇಲೇ ಅವಳ ಕೈಗೆ ಬರುತ್ತದೆ. ಈ ಶಾಖೆಯ ಅಧ್ಯಯನಗಳಲ್ಲಿ ರೈತ ಇದ್ದಾನೆ, ವ್ಯಾಪಾರಿ ಇದ್ದಾನೆ. ಅವಳನ್ನು ನಾನು ಇನ್ನೂ ಕಂಡಿಲ್ಲ.

2025ರ ಹಂಗಾಮಿಗೆ ಭಾರತೀಯ ಹತ್ತಿ ನಿಗಮ ಕಪಾಸ್ ಕಿಸಾನ್ ಎಂಬ ಆ್ಯಪ್ ತಂದಿತು. ಬೆಂಬಲ ಬೆಲೆಗೆ ಮಾರಬೇಕಾದರೆ ಅದರಲ್ಲಿ ಹೆಸರು ನೋಂದಾಯಿಸಿ ದಿನ ಗೊತ್ತು ಮಾಡಿಕೊಳ್ಳಬೇಕು. ಉದ್ದ ಎಳೆಯ ಹತ್ತಿಗೆ ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ತೇವ 8 ಶೇಕಡ ದಾಟಿದರೆ ಕಡಿತ, 12 ದಾಟಿದರೆ ಖರೀದಿ ಇಲ್ಲ. ಆ್ಯಪ್‌ನಲ್ಲಿ ದಿನ ಸಿಗುತ್ತದೆ, ಆದರೆ ಅಂಗಳದಲ್ಲಿ ಹರವಿದ ಹತ್ತಿಯ ತೇವ ಈಗ ಹನ್ನೊಂದೋ ಹದಿಮೂರೋ ಎಂದು ಅದು ಹೇಳುವುದಿಲ್ಲ. ಹದಿಮೂರೆಂದು ಗೊತ್ತಾಗುವುದು ಬಾಡಿಗೆ ಕೊಟ್ಟು ಹೋಗಿ ಸಾಲಿನಲ್ಲಿ ನಿಂತ ಮೇಲೆ.

ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, 2019ರಲ್ಲಿ ಸ್ಥಾಪನೆಯಾದ ಐಐಐಟಿಯೂ ಇದೆ. ಎರಡೂ ಕೂಡಿ ಮಾಡಬಹುದಾದ ಒಂದು ಕೆಲಸ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ಅರಕೇರಾದ ಗ್ರಾಮ ಪಂಚಾಯಿತಿ ಕಟ್ಟೆಯ ಮೇಲೆ ತೇವ ಅಳೆಯುವ ಒಂದು ಮೀಟರು ಇಡಬೇಕು. ಗಂಜಿಗೆ ಹೊರಟ ಇನ್ನೂರು ಲಾಟ್ ಹತ್ತಿಯನ್ನು ಹೊರಡುವ ಮುಂಜಾನೆ ಅಲ್ಲಿ ಅಳೆಯಬೇಕು. ಅರ್ಧದಷ್ಟು ಮನೆಯವರಿಗೆ ಆ ಅಂಕಿಯನ್ನು ಬರೆದು ಕೊಡಬೇಕು, ಉಳಿದರ್ಧಕ್ಕೆ ಹಂಗಾಮು ಮುಗಿದ ಮೇಲೆ ಕೊಡಬೇಕು, ಯಾರು ಯಾವ ಅರ್ಧಕ್ಕೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಗಂಜಿನಲ್ಲಿ ಮುಷ್ಟಿ ಹೇಳಿದ ದರವನ್ನು ಲಾಟ್ ನಂಬರಿನ ಮೂಲಕ ಹಿಂಬಾಲಿಸಬೇಕು. ಒಪ್ಪುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಇದೇ ಲಾಟ್‌ಗಳ ಮಾದರಿಯನ್ನು ಬೇರೆಯಾಗಿ ಜಿನ್ ಮಾಡಿ ಅರಳೆ ತೂಗಬೇಕು. ಊರಲ್ಲಿ ಕಂಡ ತೇವ, ಗಂಜಿನಲ್ಲಿ ಕಂಡ ದರ, ಮಿಲ್ಲಿನಲ್ಲಿ ಕಂಡ ಅರಳೆ, ಈ ಮೂರೂ ಒಂದೇ ಚೀಟಿಯಲ್ಲಿ ಸೇರಲು ದಸರೆಯಿಂದ ಸಂಕ್ರಾಂತಿಯವರೆಗಿನ ಒಂದು ಹಂಗಾಮು ಸಾಕು.